ಒಂದೇ ದಾಖಲೆ, ಅನೇಕ ಕೈಗಳು

ಕುಂದಾಪುರದ ಸುತ್ತಿನಲ್ಲಿ ಪಹಣಿಗಾಗಿ ಕಚೇರಿಗೆ ಹೋದವರಿಗೆ 'ಸರ್ವರ್ ಇಲ್ಲ' ಎಂಬ ಮಾತು ಹೊಸದಲ್ಲ. ಸರ್ವರೆಂದರೆ ಅನೇಕ ಗಣಕಗಳು ಬೇಡಿದ ಮಾಹಿತಿಯನ್ನು ದೂರದಿಂದ ಒದಗಿಸುವ ಇನ್ನೊಂದು ಗಣಕ. ಅದು ದೊರೆಯದ ದಿನ ನಾವು ಗೊಣಗುತ್ತೇವೆ. ಅದು ದೊರೆತ ದಿನ ಅಲ್ಲಿ ಏನು ನಡೆಯುತ್ತದೆಂದು ವಿಚಾರಿಸುವವರು ವಿರಳ.

ಹಿಂದೆ ಭೂದಾಖಲೆ ಗ್ರಾಮಲೆಕ್ಕಿಗನ ಪುಸ್ತಕದಲ್ಲಿತ್ತು. ಪುಸ್ತಕ ಒಂದು, ಬರೆಯುವ ಕೈಯೂ ಒಂದು. ಆದರೆ ಆ ಕೈಯ ದಯೆಯಿಲ್ಲದೆ ಒಡೆಯನಿಗೂ ತನ್ನ ಭೂಮಿಯ ವಿವರ ಕಾಣುತ್ತಿರಲಿಲ್ಲ. 2001ರ ಸುಮಾರಿಗೆ ಕರ್ನಾಟಕದ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಮೊದಲು ಆಯಾ ತಾಲ್ಲೂಕಿನ ಯಂತ್ರದಲ್ಲಿದ್ದ ಮಾಹಿತಿ ಕ್ರಮೇಣ ರಾಜ್ಯಕ್ಕೆಲ್ಲ ಒಂದೇ ಕೇಂದ್ರದಲ್ಲಿ ಕೂಡಿತು. 2018ರಲ್ಲಿ ಕುಂದಾಪುರದಿಂದ ಬೈಂದೂರೂ ಉಡುಪಿಯಿಂದ ಬ್ರಹ್ಮಾವರವೂ ಬೇರ್ಪಟ್ಟು ತಾಲ್ಲೂಕುಗಳಾದವು. ಇಂಥ ವಿಭಜನೆಯಲ್ಲಿ ಕಾಗದದ ಪುಸ್ತಕಗಳನ್ನು ಹೊತ್ತು ಸಾಗಿಸಬೇಕು. ಸರ್ವರಿನಲ್ಲಿರುವ ದಾಖಲೆ ಇದ್ದಲ್ಲೇ ಇರಬಲ್ಲುದು, ಅದನ್ನು ತಿದ್ದುವ ಅಧಿಕಾರವಷ್ಟೇ ಕೈ ಬದಲಿಸುತ್ತದೆ.

ಅನುಕೂಲವೇನೋ ನಿಜ, ಅದರ ಜತೆಗೆ ಅಪಾಯವೂ ಉಂಟು. ಒಂದು ಸರ್ವೆ ನಂಬರಿನಲ್ಲಿ 100 ಸೆಂಟ್ಸ್ ಭೂಮಿ ಇದೆಯೆಂದು ಭಾವಿಸೋಣ. ಅದರಲ್ಲಿ 20 ಸೆಂಟ್ಸ್ ಮಾರಾಟವಾದುದನ್ನು ಒಬ್ಬ ನೌಕರನೂ 30 ಸೆಂಟ್ಸ್ ಮಾರಾಟವಾದುದನ್ನು ಇನ್ನೊಬ್ಬನೂ ಒಂದೇ ವೇಳೆಗೆ ದಾಖಲಿಸತೊಡಗುತ್ತಾರೆ. ಇಬ್ಬರಿಗೂ ಪರದೆಯ ಮೇಲೆ ಕಾಣುವುದು 100. ಮೊದಲನೆಯವನು 80 ಎಂದು ಬರೆಯುತ್ತಾನೆ. ಎರಡನೆಯವನು ತಾನು ಕಂಡ 100ರಿಂದಲೇ ಕಳೆದು 70 ಎಂದು ಬರೆಯುತ್ತಾನೆ. ಉಳಿಯಬೇಕಾದುದು 50, ಉಳಿದುದು 70! ಯಾರೂ ಮೋಸ ಮಾಡಲಿಲ್ಲ, ಯಾರ ಲೆಕ್ಕವೂ ತಪ್ಪಲಿಲ್ಲ. ಆದರೂ ಮೊದಲಿನ ಮಾರಾಟ ಅಳಿಸಿಹೋಯಿತು.

ಇದಕ್ಕೆ ಪರಿಹಾರ ಬೀಗ. ಒಬ್ಬನು ತಿದ್ದಲು ತೆಗೆದ ದಾಖಲೆಗೆ ಸರ್ವರು ಬೀಗ ಹಾಕುತ್ತದೆ. ಅವನ ಕೆಲಸ ಮುಗಿಯುವ ತನಕ ಎರಡನೆಯವನು ಕಾಯಬೇಕು. ಬೀಗ ತೆರೆದಾಗ ಅವನಿಗೆ ಕಾಣುವುದು 100 ಅಲ್ಲ, 80. ಐ.ಬಿ.ಎಂ. ಸಂಸ್ಥೆಯ ಈಶ್ವರನ್, ಗ್ರೇ, ಲೋರಿ, ಟ್ರೇಗರ್ ಎಂಬ ನಾಲ್ವರು ಇಂಥ ಬೀಗಗಳ ನಿಯಮಗಳನ್ನು 1976ರಲ್ಲಿ ಗಣಿತದ ಖಚಿತತೆಯಿಂದ ನಿರೂಪಿಸಿದರು. ಅವರಲ್ಲಿ ಜಿಮ್ ಗ್ರೇಯವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಯಂತ್ರವು ಮಾಡಬಲ್ಲುದು ಇಷ್ಟು. ಯಾರು ಓದಬಹುದು, ಯಾರು ತಿದ್ದಬಹುದು, ತಿದ್ದಿದವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ಮನುಷ್ಯರ ಶಿಸ್ತಿನಲ್ಲಿ. 'ಭೂಮಿ'ಯಲ್ಲಿ ಮೊದಲಿನಿಂದಲೂ ನೌಕರನ ಬೆರಳಿನ ಗುರುತನ್ನು ಕೇಳುತ್ತಿದ್ದುದು ಈ ಕಾರಣದಿಂದಲೇ. ಆದರೆ ಒಂದು ಪಾಸ್‌ವರ್ಡನ್ನು ನಾಲ್ವರು ಹಂಚಿಕೊಳ್ಳುವ ಅಭ್ಯಾಸ ಕಚೇರಿ, ಬ್ಯಾಂಕು, ಕಾಲೇಜುಗಳಲ್ಲಿ ಅಪರೂಪವೇನಲ್ಲ. ಇದು ಸಹಕಾರದಂತೆ ತೋರುತ್ತದೆ. ವಸ್ತುತಃ ನಾಲ್ವರೂ ಒಂದೇ ಮುಖವಾಡ ತೊಟ್ಟಂತೆ. ನಾಳೆ ತಪ್ಪು ಹೊರಬಿದ್ದರೆ ತಪ್ಪಿತಸ್ಥನು ಮರೆಯಾಗುತ್ತಾನೆ, ನಿರಪರಾಧಿಯು ಸಿಕ್ಕಿಬೀಳುತ್ತಾನೆ.

ನೌಕರನು ರಜೆಯಲ್ಲಿದ್ದರೆ ಕಿಟಕಿಯ ಮುಂದೆ ನಿಂತ ಜನರ ಗತಿಯೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಬದಲಿ ನೌಕರನಿಗೆ ಅವನದೇ ಹೆಸರಿನಲ್ಲಿ, ಬೇಕಾದಷ್ಟು ದಿನಗಳ ಮಟ್ಟಿಗೆ ಅಧಿಕಾರ ಕೊಡಬೇಕು. ರಜೆಯಲ್ಲಿರುವವನ ಹೆಸರನ್ನು ಎರವಲು ಕೊಡಬಾರದು. ಮೊದಲನೆಯದಕ್ಕೆ ತಗಲುವುದು ಮೇಲಧಿಕಾರಿಯ ಕೆಲವು ನಿಮಿಷ. ಎರಡನೆಯದಕ್ಕೆ ತಗಲುವುದು ದಾಖಲೆಯ ವಿಶ್ವಾಸಾರ್ಹತೆ.

ಇದು ಅತಿಯಾದ ಎಚ್ಚರಿಕೆಯೆಂದು ವಾಚಕರು ಎಣಿಸಬಾರದು. ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ಫಲವಾಗಿ ಈ ಕರಾವಳಿಯ ಎಷ್ಟೋ ಗೇಣಿದಾರ ಮನೆತನಗಳು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದವು. ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವ ತನಕ ಅದನ್ನು ಸತ್ಯವೆಂದೇ ಭಾವಿಸತಕ್ಕದ್ದೆಂದು 1964ರ ಭೂಕಂದಾಯ ಕಾಯಿದೆ ಹೇಳುತ್ತದೆ. ಹೀಗಿರುವಾಗ ಆ ಒಂದು ಸಾಲು ಕೆಟ್ಟರೆ ಅದನ್ನು ಸರಿಪಡಿಸುವ ಹೊಣೆ ಬಡವನ ತಲೆಯ ಮೇಲೆ ಬೀಳುತ್ತದೆ.

ಇಂದಿನ ವಿದ್ಯಾರ್ಥಿಗಳೇ ನಾಳೆ ಇಂಥ ವ್ಯವಸ್ಥೆಗಳನ್ನು ರಚಿಸುವವರು, ನಡೆಸುವವರು. ಓದುವ ಬಾಗಿಲು ಹಲವರಿಗೆ ತೆರೆದಿರಲಿ. ತಿದ್ದುವ ಬಾಗಿಲು ಕೆಲವರಿಗಷ್ಟೇ ಇರಲಿ. ಪ್ರತಿಯೊಂದು ತಿದ್ದುಪಡಿಯ ಕೆಳಗೂ ಒಬ್ಬ ಮನುಷ್ಯನ ನಿಜವಾದ ಹೆಸರಿರಲಿ. ಹಂಚಿಕೊಳ್ಳತಕ್ಕದ್ದು ಮಾಹಿತಿಯನ್ನೇ ಹೊರತು ಬೀಗದ ಕೈಯನ್ನಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.