ದಫ್ತರ ಯಾರದು?

ಸರ್ಕಾರಿ ಕಚೇರಿಯ ಫಲಕದಲ್ಲಿ ಜಿಮೇಲ್ ವಿಳಾಸ ಕಂಡರೆ ಇಂದು ಯಾರೂ ಅಚ್ಚರಿಪಡುವುದಿಲ್ಲ, ಪಡಬೇಕಾಗಿತ್ತು. ಕೇಂದ್ರ ಸರ್ಕಾರದ 2015ರ ಇ-ಮೇಲ್ ನೀತಿಯು ಅಧಿಕೃತ ಪತ್ರವ್ಯವಹಾರಕ್ಕೆ ಎನ್‌ಐಸಿಯ ಸೇವೆಯನ್ನೇ ವಿಧಿಸಿತು. ವಿದೇಶದ ರಾಯಭಾರ ಕಚೇರಿಗಳಿಗೆ ಮಾತ್ರ, ಸಂಪರ್ಕ ಕಡಿದ ತುರ್ತಿನಲ್ಲಿ, ಹೊರಗಿನ ಸೇವೆಗೆ ಅವಕಾಶವಿತ್ತಿತು. ಅಂಥ ತುರ್ತಿನ ಸವಲತ್ತು ಊರೊಳಗಿನ ಕಚೇರಿಗಳಿಗೆ ನಿತ್ಯದ ರೂಢಿಯಾಗುವುದು ನನಗೆ ಒಪ್ಪಿಗೆಯಿಲ್ಲ.

ಜನರು ಬೇಹುಗಾರಿಕೆಯ ಮಾತನಾಡುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಅದಕ್ಕಿಂತ ಹತ್ತಿರದ ಚಿಂತೆಯೊಂದಿದೆ. ಕೊಳ್ಳೇಗಾಲವು 1956ರವರೆಗೆ ಈ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಅಲ್ಲಿನ ಕನ್ನಡಿಗರ ಅಂದಿನ ಬದುಕನ್ನು ಅರಿಯಬಯಸುವವರು ಮದರಾಸು ಸರ್ಕಾರದ ಹಳೆಯ ಕಡತಗಳನ್ನೇ ಬಿಚ್ಚಬೇಕು. ರಾಜ್ಯ ಬದಲಾದರೂ ಅಧಿಕಾರಿಗಳು ಬದಲಾದರೂ ದಫ್ತರ ಸರ್ಕಾರದ್ದಾಗಿಯೇ ಉಳಿಯಿತು. (ಮರಾಠಿಯಲ್ಲಿ ಶಾಲೆಯ ಪುಸ್ತಕದ ಚೀಲಕ್ಕೂ ‘ದಪ್ತರ’ವೆಂದೇ ಹೆಸರು, ಅದನ್ನು ಪರರ ಮನೆಯಲ್ಲಿ ಬಿಟ್ಟು ಬಂದವನಿಗೆ ಪೆಟ್ಟು ಖಚಿತ.)

ಉಚಿತ ಖಾತೆಯಾದರೋ ಅದನ್ನು ತೆರೆದ ಗುಮಾಸ್ತನ ಕೈಯಲ್ಲಿರುತ್ತದೆ. ಆತ ವರ್ಗವಾಗಿ ಗುಪ್ತಪದ ಮರೆತರೆ ಕಡತವೂ ಹೋಯಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸುವ ಅಧಿಕಾರವನ್ನು ಗೂಗಲ್ ತನ್ನಲ್ಲೇ ಇರಿಸಿಕೊಂಡಿದೆ. ಸರ್ಕಾರಿ ವಿಳಾಸ ದೊರೆಯಲು ತಡವಾಗುತ್ತದೆಂಬ ದೂರಿನಲ್ಲಿ ಹುರುಳಿರಬಹುದು. ಆ ತಡವನ್ನು ನೀಗಿಸುವುದು ಸರ್ಕಾರದ ಕೆಲಸ. ಅಲ್ಲಿಯವರೆಗೆ, ಬಂದ ಪತ್ರವನ್ನೂ ಕಳುಹಿದ ಉತ್ತರವನ್ನೂ ಮುದ್ರಿಸಿ ಕಡತಕ್ಕೆ ಸೇರಿಸುವ ಕ್ರಮವಾದರೂ ಪ್ರತಿ ಕಚೇರಿಯಲ್ಲಿ ಇಂದೇ ಆರಂಭವಾಗಬೇಕು.