ಬಾಲಮಂದಿರದ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿದೆ?

ಬಾಲಮಂದಿರಕ್ಕೆ ಅಧಿಕಾರಿಗಳು ಭೇಟಿ ಕೊಟ್ಟರೆ ಸಂಜೆಯೊಳಗೆ ವರದಿಗಾರರ ವಾಟ್ಸ್‌ಆ್ಯಪ್‌ಗೆ ಪ್ರಕಟಣೆ ಬರುತ್ತದೆ. ಅಡುಗೆಮನೆ ಪರಿಶೀಲನೆ, ಸಾರಿನ ರುಚಿ ನೋಡುವ ಫೋಟೊ, ಕೊನೆಗೆ ‘ಸ್ವಚ್ಛತೆ ಕಾಪಾಡಲು ಸೂಚನೆ’. ತಾರೀಖು ಬದಲಿಸಿದರೆ ಹೋದ ವರ್ಷದ ಸುದ್ದಿಯೇ. ಮಕ್ಕಳು ಏನು ಹೇಳಿದರು ಎಂಬ ಸಾಲು ಅದರಲ್ಲಿ ಸಿಗುವುದು ಅಪರೂಪ.

ತಂದೆ-ತಾಯಿ ಇಲ್ಲದ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ, ಬಾಲ್ಯವಿವಾಹ ತಪ್ಪಿಸಿ ಕರೆತಂದ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿ ಬಾಲಮಂದಿರಕ್ಕೆ ಕಳಿಸುತ್ತದೆ. ಅಲ್ಲಿ ಹೊಡೆತ ಬಿದ್ದರೆ, ಊಟ ಕಡಿಮೆಯಾದರೆ ಮಗು ಯಾರಿಗೆ ಹೇಳಬೇಕು? ಹೊಡೆದವರಿಗೇ ಹೇಳಲಾದೀತೇ?

ಇದಕ್ಕೆ ಕಾನೂನಿನಲ್ಲಿ ದಾರಿ ಇದೆ. 2015ರ ಬಾಲನ್ಯಾಯ ಕಾಯ್ದೆಯಡಿ 2016ರಲ್ಲಿ ಬಂದ ಮಾದರಿ ನಿಯಮಗಳಂತೆ ಪ್ರತಿ ಸಂಸ್ಥೆಯಲ್ಲೂ ಮಕ್ಕಳ ಸಲಹಾ ಪೆಟ್ಟಿಗೆ ಇರಬೇಕು. ಅದೂ ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಗಳ ಹತ್ತಿರ. ಕೀಲಿ ನಿರ್ವಹಣಾ ಸಮಿತಿ ಅಧ್ಯಕ್ಷರ ಬಳಿ, ಎಂದರೆ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ ಬಳಿ ಇರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಎದುರಿಗೇ ತೆರೆಯಬೇಕು. ಕೀಲಿ ಅಲ್ಲಿನ ಸಿಬ್ಬಂದಿಯ ಟೇಬಲ್ ಡ್ರಾದಲ್ಲೇ ಇದ್ದರೆ ಪೆಟ್ಟಿಗೆ ಇದ್ದೂ ಇಲ್ಲದಂತೆ.

ಪೆಟ್ಟಿಗೆಯೊಂದೇ ಸಾಲದು, ನಿಜ. ಆರು ವರ್ಷದ ಮಗು ಏನು ಬರೆದೀತು? ಬರೆಯಬಲ್ಲವರಿಗೂ ‘ಇದು ನಿನ್ನ ಅಕ್ಷರ ಅಲ್ಲೇನು?’ ಎಂದು ಕೇಳುತ್ತಾರೆಂಬ ಭಯ. ಹಾಗಾಗಿ ಮೂರು ತಿಂಗಳಿಗೊಮ್ಮೆ ಬರಬೇಕಾದ ತಪಾಸಣಾ ಸಮಿತಿ ಸಿಬ್ಬಂದಿಯನ್ನು ಹೊರಗೆ ಕಳಿಸಿ, ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಮಾತಾಡಬೇಕು. ಸಮಿತಿಯಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕೆಂದು ಕಾಯ್ದೆ ಹೇಳುವುದು ಸಾರಿನ ರುಚಿ ನೋಡುವುದಕ್ಕಲ್ಲ.

ಹಾಗೆ ಕೂತು ಕೇಳಿದ್ದರಿಂದಲೇ ಬಿಹಾರದ ಮುಜಫ್ಫರಪುರದ ಬಾಲಕಿಯರ ಆಶ್ರಯಧಾಮದ ಸಂಗತಿ ಹೊರಬಂತು. ಅಧಿಕಾರಿಗಳು ಅಲ್ಲಿಗೂ ಹೋಗಿ ಬರುತ್ತಿದ್ದರು. ಆದರೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ 2017-18ರಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆಗೆ ಹೋದಾಗಲೇ ಬಾಲಕಿಯರು ಬಾಯಿಬಿಟ್ಟಿದ್ದು. 2020ರಲ್ಲಿ ದೆಹಲಿ ನ್ಯಾಯಾಲಯ 19 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಪಿತ್ತಿತು.

ಎಲ್ಲ ಬಾಲಮಂದಿರಗಳೂ ಹಾಗಿವೆ ಎಂದು ನಾನು ಹೇಳುತ್ತಿಲ್ಲ. ಕಡಿಮೆ ಸಂಬಳಕ್ಕೆ ರಾತ್ರಿಯಿಡೀ ಎದ್ದಿದ್ದು ಜ್ವರದ ಮಗುವನ್ನು ನೋಡಿಕೊಳ್ಳುವ ಸಿಬ್ಬಂದಿಯೂ ಇದ್ದಾರೆ. ಬಿಸಿನೀರಿಲ್ಲ, ಹಾಸಿಗೆ ಹರಿದಿದೆ ಎಂದು ಮಕ್ಕಳೇ ಬರೆದ ಚೀಟಿ ಮೇಲಿನವರಿಗೆ ತಲುಪಿದರೆ ಅವರಿಗೂ ಅನುಕೂಲವೇ.

ಕೆರೂರ ಸುತ್ತಲಿನ ಹಳ್ಳಿಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರಲ್ಲಿ ಮಕ್ಕಳನ್ನು ಹಾಸ್ಟೆಲ್‌ನಲ್ಲಿ ಬಿಟ್ಟು ಹೋಗುವವರೂ ಇದ್ದಾರೆ. ಅವ್ವ ಇಲ್ಲದಿದ್ದರೆ ಕಾಕಾ, ಅಜ್ಜಿ ಯಾರಾದರೂ ರವಿವಾರ ಹೋಗಿ, ‘ಊಟ ಹೆಂಗೈತಿ? ಯಾರರೆ ಬಡದಾರೇನು?’ ಎಂದು ಕೇಳುತ್ತಾರೆ. ಬಾಲಮಂದಿರದ ಎಷ್ಟೋ ಮಕ್ಕಳಿಗೆ ಹಾಗೆ ಕೇಳಿ ಬರುವವರಿಲ್ಲ. ಮುಂದಿನ ಸಲ ನಿಮ್ಮೂರಿಗೆ ಶಾಸಕರೋ ಅಧಿಕಾರಿಗಳೋ ಬಂದರೆ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ಬಾಲಮಂದಿರದ ಪೆಟ್ಟಿಗೆ ಕಡೆಯದಾಗಿ ತೆರೆದದ್ದು ಯಾವಾಗ, ಒಳಗಿದ್ದ ಚೀಟಿಗಳಿಗೆ ಏನು ಕ್ರಮವಾಯಿತು? ಇನ್ನು ಯಾವುದೇ ಮಗು ತೊಂದರೆಯಲ್ಲಿರುವುದು ಕಂಡರೆ 1098ಕ್ಕೆ ಫೋನ್ ಮಾಡಿ, ಕರೆ ಉಚಿತ.