ಹುಳುಕಿಲ್ಲದ ಹಲ್ಲಿಗೆ ಕಚ್ಚು ಹಾಕಿದವರಾರು?

ನಲವತ್ತು ದಾಟಿದವರು ತಣ್ಣೀರು ಕುಡಿದೊಡನೆ ‘ಹಲ್ಲು ಜುಂ ಎಂದಿತು’ ಎಂದು ದವಡೆ ಹಿಡಿದುಕೊಳ್ಳುವುದು ನಮ್ಮೆಲ್ಲರ ಮನೆಗಳಲ್ಲೂ ಉಂಟು. ಕನ್ನಡಿಯಲ್ಲಿ ನೋಡಿದರೆ ಕೋರೆಹಲ್ಲಿನ ಹಿಂದಿನ ಹಲ್ಲುಗಳಲ್ಲಿ, ಒಸಡಿನ ಅಂಚಿನಲ್ಲಿ, ಕೊಡಲಿಯಿಂದ ಕಚ್ಚು ಹಾಕಿದಂತಹ ಗುರುತು. ಕಪ್ಪಿಲ್ಲ, ಹುಳುಕಿಲ್ಲ. ಹಾಗಾದರೆ ಕೊರೆದವರಾರು?

ಕತಾರ್‌ಗಾಮಿನ ನಿವಾಸಿಗಳಾದ ನಮಗೆ ಉತ್ತರದ ಒಂದು ಪಾಲು ಬೀದಿಯಲ್ಲೇ ಸಿಕ್ಕುತ್ತದೆ. ವಜ್ರಕ್ಕಿಂತ ಗಟ್ಟಿಯಾದ ಕಲ್ಲಿಲ್ಲ. ಆದರೂ ಪದರದ ಜಾಡಿನಲ್ಲಿ ಪೆಟ್ಟು ಬಿದ್ದರೆ ಅದು ಸೀಳುತ್ತದೆ. ಗಟ್ಟಿತನವೇ ಬೇರೆ, ತಾಳಿಕೆಯೇ ಬೇರೆ. ಹಲ್ಲಿನ ಹೊರಗವಚವಾದ ಎನಾಮಲ್ಲೂ ಅದೇ ಜಾತಿಯದು. ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಒಸಡಿನ ಬಳಿ ಅದು ತೀರ ತೆಳು. ಹಲ್ಲು ಓರೆಯಾಗಿ ಕಚ್ಚಿದಾಗ ಕತ್ತು ಕೊಂಚ ಬಾಗುವುದು. ಒಂದು ಮಗ್ಗುಲಿಗೆ ಒತ್ತಡ, ಇನ್ನೊಂದಕ್ಕೆ ಎಳೆತ. ಈ ಎಳೆತವೇ ಎನಾಮಲ್ಲನ್ನು ಬಿರುಕುಗೊಳಿಸುವುದೆಂದು ಲೀ ಮತ್ತು ಈಕಲ್ ಎಂಬ ವಿದ್ವಾಂಸರು 1984ರಲ್ಲಿ ವಾದಿಸಿದರು. 1991ರಲ್ಲಿ ಗ್ರಿಪ್ಪೊ ಎಂಬವರು ಇದಕ್ಕೆ ‘ಅಬ್‌ಫ್ರಾಕ್ಷನ್’ ಎಂದು ಹೆಸರಿಟ್ಟರು.

ವಾದ ಸೊಗಸಾಗಿದೆ. ಆದರೆ 1907ರಷ್ಟು ಹಿಂದೆಯೇ ಮಿಲ್ಲರ್ ಎಂಬ ದಂತತಜ್ಞರು ಬ್ರಷ್ಷು ಮತ್ತು ಒರಟು ಹಲ್ಲುಪುಡಿಯಿಂದ ತಿಕ್ಕಿಯೇ ಇಂತಹ ಸವೆತವನ್ನು ಪ್ರಯೋಗಗಳಲ್ಲಿ ತೋರಿಸಿದ್ದರು. ಹುಳಿ ಪದಾರ್ಥಗಳೂ ಎನಾಮಲ್ಲನ್ನು ಮೆದುಗೊಳಿಸುತ್ತವೆ. ಕಡಿತದ ಒತ್ತಡ ಹಲ್ಲಿನ ಕತ್ತಿನಲ್ಲಿ ಒಟ್ಟುಗೂಡುವುದೆಂದು ಲೆಕ್ಕಾಚಾರದ ಮಾದರಿಗಳು ಹೇಳುತ್ತವೆ. ಬದುಕಿರುವವರ ಬಾಯಲ್ಲಿ ಅದೊಂದೇ ಕಾರಣವೆಂಬುದು ಮಾತ್ರ ಇನ್ನೂ ಸಿದ್ಧವಾಗಿಲ್ಲ. ಕಚೇರಿಯಲ್ಲಿ ಒಂದು ಕಡತ ಹಾಳಾದರೆ ಮೂರು ಮೇಜಿನವರೂ ಹೊಣೆಯಾಗುವಂತೆ, ಇಲ್ಲಿ ಕಡಿತ, ತಿಕ್ಕಾಟ, ಹುಳಿ ಮೂರಕ್ಕೂ ಪಾಲುಂಟು ಎಂದು ಇಂದಿನ ತಜ್ಞರು ಎಣಿಸುತ್ತಾರೆ.

ಈ ಪಾಂಡಿತ್ಯದಿಂದ ಗೃಹಸ್ಥರಿಗೇನು ಲಾಭ ಎನ್ನುವಿರಾ? ಲಾಭವುಂಟು. ಕಾರಣ ತಿಳಿಯದೆ ಕಚ್ಚಿಗೆ ಸಿಮೆಂಟು ತುಂಬಿಸಿಕೊಂಡರೆ ಅಭ್ಯಾಸ ಹಳೆಯದೇ ಉಳಿದು, ತುಂಬಿದ್ದು ಉದುರಿ, ಹಣ ಎರಡನೆಯ ಸಲ ಹೋಗುತ್ತದೆ. ಕಡಿತ ಸರಿಪಡಿಸಲೆಂದು ಆರೋಗ್ಯವಾದ ಹಲ್ಲನ್ನು ಉಜ್ಜಿಸಿಕೊಳ್ಳುವುದಂತೂ ಆತುರದ ಕೆಲಸ. ಒಮ್ಮೆ ಉಜ್ಜಿದ ಎನಾಮಲ್ಲು ಮತ್ತೆ ಬೆಳೆಯದು. ಒಪ್ಪುವ ಮುನ್ನ ಇನ್ನೊಬ್ಬ ದಂತವೈದ್ಯರನ್ನೂ ಕೇಳಿ ನೋಡುವುದು ಲೇಸು.

ಖರ್ಚಿಲ್ಲದ ಉಪಾಯಗಳು ಮೊದಲಾಗಲಿ. ಮೆತ್ತನೆಯ ಬ್ರಷ್ಷು, ಹಗುರ ಕೈ. ಊರಿನ ಇದ್ದಿಲು, ಉಪ್ಪಿನ ಪುಡಿಗಳಿಗೆ ನಮಸ್ಕಾರ ಹೇಳಿಬಿಡೋಣ. ಲಿಂಬು ಶರಬತ್ತು ಕುಡಿದರೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಕಳೆದ ಮೇಲೆ ಹಲ್ಲುಜ್ಜುವುದು. ನಿದ್ದೆಯಲ್ಲಿ ಹಲ್ಲು ಕಡಿಯುವವರು ತಮಗೆ ತಾವೇ ಅರಿಯರು; ಪಕ್ಕದಲ್ಲಿ ಮಲಗುವವರು ಹೇಳಬೇಕು. ಅವರಿಗೆ ದಂತವೈದ್ಯರು ರಾತ್ರಿ ಧರಿಸುವ ಕವಚವನ್ನು ಮಾಡಿಕೊಡುತ್ತಾರೆ.

ಇನ್ನು ಅಡಿಕೆ. ಶಿರಸಿಯ ಅಭಿಮಾನ ನಮಗೂ ಉಂಟು. ಆದರೆ ಇಲ್ಲಿನ ಮಾವಾದ ಸಹವಾಸ ಹಲ್ಲಿನ ಸವೆತಕ್ಕೇ ನಿಲ್ಲದು. ಅಡಿಕೆ, ಹೊಗೆಸೊಪ್ಪು ಎರಡೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತವೆ. ಕಡಲೆಯುಳ್ಳ ಕಾಲದಲ್ಲಿ ಹಲ್ಲೂ ಇರಬೇಕೆಂದರೆ, ಉಳಿಸಿಕೊಳ್ಳುವ ಕೆಲಸ ಇಂದಿನದೇ.